ಬೈನರಿ ಫೈಲ್‌ಗಳಿಗೆ ಲಾಕ್: ಎಚ್ಚರಿಕೆ ಸಾಕೇ, ತಡೆಯೇ ಬೇಕೇ?

ಬಣ್ಣದಪದರ

ಒಂದೇ ಗಿಟ್ ರಿಪೊದಲ್ಲಿ (ಫೈಲ್‌ಗಳೂ ಅವುಗಳ ಇತಿಹಾಸವೂ ಇರೋ ಭಂಡಾರ) ಕೋಡ್ ಜೊತೆಗೆ ಪಿಎಸ್‌ಡಿ (ಫೋಟೋಶಾಪ್ ಚಿತ್ರ), ಎಫ್‌ಬಿಎಕ್ಸ್ (3ಡಿ ಮಾದರಿ), ಎಕ್ಸೆಲ್ ಫೈಲ್‌ಗಳಿವೆ. ದೊಡ್ಡ ಫೈಲ್‌ಗಳನ್ನ ಬೇರೆಯಾಗಿ ಇಡೋ ಗಿಟ್ ಎಲ್‌ಎಫ್‌ಎಸ್ ಹಾಕಿ, ಈ ಮೂರಕ್ಕೂ ‘ಲಾಕಬಲ್’ ಗುರುತು (ತಿದ್ದೋ ಮುಂಚೆ ಲಾಕ್ ಪಡೀಬೇಕು ಅಂತ) ಕೊಟ್ಟಾಗಿದೆ. ಆದರೆ ಒಬ್ಬರು ಲಾಕ್ ಹಿಡಿದಿರುವಾಗಲೇ ಇನ್ನೊಬ್ಬರು ಅದೇ ಫೈಲ್ ಬದಲಿಸಿ ಪುಶ್ ಮಾಡಿದರೆ (ಸರ್ವರ್‌ಗೆ ಕಳಿಸಿದರೆ) ಒಂದು ಎಚ್ಚರಿಕೆ ಸಾಲು ಬರುತ್ತೆ ಅಷ್ಟೇ, ಪುಶ್ ಸಲೀಸಾಗಿ ಹೋಗುತ್ತೆ. ಹಾಗಾದರೆ ಇದನ್ನ ಲಾಕ್ ಅಂತ ಕರೆಯೋದಾದರೂ ಯಾಕೆ? ಗಿಟ್ ಥರದ್ದೇ ಬೇರೆ ವ್ಯವಸ್ಥೆಗಳಾದ ಸಬ್‌ವರ್ಷನ್, ಪರ್ಫೋರ್ಸ್‌ನಲ್ಲಿ ಹೀಗಿಲ್ಲ ಅಂತಾರೆ. ಗಿಟ್‌ನಲ್ಲೇ ಇದ್ದುಕೊಂಡು ಬಿಗಿ ಮಾಡೋಕೆ ದಾರಿ ಇದೆಯಾ, ಇಲ್ಲ ವ್ಯವಸ್ಥೆಯನ್ನೇ ಬದಲಿಸಬೇಕಾ?

ಹಳೇಡೆಲ್ಟಾ

ಆ ಎಚ್ಚರಿಕೆಯ ಕಾರಣ ಒಂದೇ ಸೆಟ್ಟಿಂಗ್. ಎಲ್‌ಎಫ್‌ಎಸ್ ಕ್ಲೈಂಟ್ ಪ್ರತಿ ಪುಶ್‌ಗೂ ಮುಂಚೆ ಸರ್ವರ್‌ನ ‘ಲಾಕ್ಸ್/ವೆರಿಫೈ’ ವಿಳಾಸಕ್ಕೆ ವಿನಂತಿ ಕಳಿಸುತ್ತದೆ. ಉತ್ತರದಲ್ಲಿ ಎರಡು ಪಟ್ಟಿ ಬರುತ್ತವೆ: ನಿಮ್ಮ ಲಾಕ್‌ಗಳು, ಬೇರೆಯವರ ಲಾಕ್‌ಗಳು. ಎರಡನೇ ಪಟ್ಟಿಯ ಫೈಲ್ ನಿಮ್ಮ ಪುಶ್‌ನಲ್ಲಿದ್ದು, ‘ಲಾಕ್ಸ್‌ವೆರಿಫೈ’ ಸೆಟ್ಟಿಂಗ್ ‘ಟ್ರೂ’ ಆಗಿದ್ದರೆ ಪುಶ್ ನಿಲ್ಲುತ್ತದೆ. ಆ ಸೆಟ್ಟಿಂಗ್ ಇಲ್ಲದಿದ್ದರೆ ‘ಈ ಫೈಲ್‌ಗಳು ಪುಶ್ ಅನ್ನು ತಡೆಯಬೇಕಿತ್ತು’ ಎಂಬರ್ಥದ ಸಾಲು ಮುದ್ರಿಸಿ ಮುಂದೆ ಬಿಡುತ್ತದೆ. ನಿಮಗೆ ಬಂದಿರುವುದು ಅದೇ.

ರಿಪೊದ ಬೇರಿನಲ್ಲಿ ‘.ಎಲ್‌ಎಫ್‌ಎಸ್‌ಕಾನ್ಫಿಗ್’ ಫೈಲ್ ಇಟ್ಟು, ‘ಎಲ್‌ಎಫ್‌ಎಸ್’ ವಿಭಾಗದಡಿ ‘ಲಾಕ್ಸ್‌ವೆರಿಫೈ = ಟ್ರೂ’ ಬರೆದು ಕಮಿಟ್ ಮಾಡಿ (ಇತಿಹಾಸದಲ್ಲಿ ದಾಖಲಿಸಿ). ಆಗ ಪ್ರತಿಯೊಬ್ಬರ ಯಂತ್ರದಲ್ಲೂ ಬೇರೆ ಬೇರೆಯಾಗಿ ಕಾನ್ಫಿಗ್ ಮಾಡಿಸುವ ಗೋಜಿಲ್ಲ.

ಇಷ್ಟು ಮಾಡಿದರೂ ಅದು ಸಲಹಾ ಲಾಕೇ, ಅಂದರೆ ಪಾಲಿಸದವರನ್ನು ತಡೆಯಲಾಗದ ಲಾಕ್. ಪರಿಶೀಲನೆ ನಡೆಯುವುದು ಪುಶ್ ಮಾಡುವವರ ಯಂತ್ರದ ಪ್ರೀ-ಪುಶ್ ಹುಕ್‌ನಲ್ಲಿ (ಪುಶ್‌ಗೆ ಮುಂಚೆ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್). ‘ಗಿಟ್ ಪುಶ್ --ನೋ-ವೆರಿಫೈ’ ಎಂದರೆ ಆ ಹುಕ್ ಓಡುವುದೇ ಇಲ್ಲ. ಎಲ್‌ಎಫ್‌ಎಸ್ ಹುಕ್‌ಗಳೇ ಇಲ್ಲದ ಯಂತ್ರದಿಂದ ಪುಶ್ ಮಾಡಿದರೂ ಅಷ್ಟೇ. ಲಾಕ್ ಕಡ್ಡಾಯ ಅನ್ನಿಸಿಕೊಳ್ಳಬೇಕಾದರೆ ಬೇಡವೆನ್ನುವ ಹಕ್ಕು ಸರ್ವರ್‌ನ ಕೈಯಲ್ಲಿರಬೇಕು. ಉಳಿದದ್ದೆಲ್ಲ ನೆನಪಿನೋಲೆ.

ಕೊಕ್ಕೆಕಾರ

ಮೇಲಿನ ಮಾತಿಗೆ ಒಂದು ಸೇರ್ಪಡೆ. ‘ಹುಕ್ ಇಲ್ಲದ ಯಂತ್ರ’ ಅನ್ನೋದು ಅಪರೂಪ ಅಂದ್ಕೋಬೇಡಿ. ಎಲ್‌ಎಫ್‌ಎಸ್ ನಾಲ್ಕು ಹುಕ್ ಹಾಕುತ್ತೆ: ಪ್ರೀ-ಪುಶ್, ಪೋಸ್ಟ್-ಚೆಕ್‌ಔಟ್, ಪೋಸ್ಟ್-ಕಮಿಟ್, ಪೋಸ್ಟ್-ಮರ್ಜ್. ಹುಕ್‌ಗಳನ್ನ ನಿರ್ವಹಿಸೋ ಹಸ್ಕಿ ಥರದ ಸಲಕರಣೆ ‘ಕೋರ್.ಹುಕ್ಸ್‌ಪಾತ್’ (ಹುಕ್ ಫೋಲ್ಡರ್ ಎಲ್ಲಿದೆ ಅನ್ನೋ ಸೆಟ್ಟಿಂಗ್) ಬದಲಿಸಿತು ಅಂದ್ರೆ ಗಿಟ್ ಹಳೇ ಹುಕ್ ಫೋಲ್ಡರ್ ಕಡೆ ತಿರುಗಿಯೂ ನೋಡಲ್ಲ. ಲಾಕ್ ಪರಿಶೀಲನೆ ಹೋಯ್ತು, ರೀಡ್-ಓನ್ಲಿ ಗುರುತು ಹೋಯ್ತು. ಅದಕ್ಕಿಂತ ಕೆಟ್ಟದ್ದು, ಎಲ್‌ಎಫ್‌ಎಸ್ ಫೈಲ್‌ಗಳನ್ನ ಸರ್ವರ್‌ಗೆ ಏರಿಸೋದೂ ಅದೇ ಪ್ರೀ-ಪುಶ್ ಹುಕ್. ಪಾಯಿಂಟರ್ (ಅಸಲಿ ಫೈಲ್ ಯಾವುದು ಅಂತ ಹೇಳೋ ಪುಟ್ಟ ಪಠ್ಯ) ಮಾತ್ರ ಹೋಗಿ, ಅಸಲಿ ಫೈಲ್ ಇಲ್ಲೇ ಉಳಿಯುತ್ತೆ. ‘ಗಿಟ್ ಎಲ್‌ಎಫ್‌ಎಸ್ ಅಪ್‌ಡೇಟ್ --ಮ್ಯಾನ್ಯುಅಲ್’ ಅಂತ ಕೊಟ್ರೆ ಯಾವ ಹುಕ್‌ಗೆ ಯಾವ ಸಾಲು ಸೇರಿಸಬೇಕು ಅಂತ ತೋರಿಸುತ್ತೆ. ಆ ನಾಲ್ಕನ್ನೂ ಹೊಸ ಹುಕ್ ಫೋಲ್ಡರ್‌ಗೆ ಹಾಕಿ.

ಟೋಕನ್‌ಧಾರಿ

ಸಬ್‌ವರ್ಷನ್ ಬಗ್ಗೆ ಕೇಳಿದ್ದೀರಿ. ‘ಅಲ್ಲಿ ಲಾಕ್ ಕಡ್ಡಾಯ’ ಎನ್ನುವುದು ಅರ್ಧ ಮಾತ್ರ ನಿಜ.

2005ರ 1.2 ಆವೃತ್ತಿಯಿಂದ ಲಾಕ್ ಸೌಲಭ್ಯ ಇದೆ. ‘ಎಸ್‌ವಿಎನ್ ಲಾಕ್’ (ಎಸ್‌ವಿಎನ್ ಎಂದರೆ ಸಬ್‌ವರ್ಷನ್‌ನ ಆದೇಶ) ಕೊಟ್ಟಾಗ ಸರ್ವರ್ ಒಂದು ಟೋಕನ್ (ಆ ಲಾಕಿನ ಗುರುತು) ಕೊಡುತ್ತದೆ, ಅದು ನಿಮ್ಮ ವರ್ಕಿಂಗ್ ಕಾಪಿಯಲ್ಲಿ, ಅಂದರೆ ನಿಮ್ಮ ಯಂತ್ರದಲ್ಲಿನ ಪ್ರತಿಯಲ್ಲಿ, ಉಳಿಯುತ್ತದೆ. ಕಮಿಟ್ ಮಾಡುವಾಗ ಸರ್ವರ್ ಬಳಕೆದಾರರ ಹೆಸರು, ಟೋಕನ್ ಎರಡನ್ನೂ ನೋಡುತ್ತದೆ. ಹೀಗಾಗಿ ನೀವೇ ಲಾಕ್ ಹಾಕಿದ್ದರೂ ಬೇರೆ ಯಂತ್ರದಲ್ಲಿನ ನಿಮ್ಮದೇ ಇನ್ನೊಂದು ಕಾಪಿಯಿಂದ ಕಮಿಟ್ ಆಗದು. ಫೈಲ್ ಇರುವ ಫೋಲ್ಡರನ್ನೇ ಅಳಿಸಲು ಹೊರಟರೆ ಅದಕ್ಕೂ ತಡೆ. ಇದು ಅಪ್ಪಟ ಕಡ್ಡಾಯ ಲಾಕ್.

ಆದರೆ ಫೈಲ್‌ಗೆ ಅಂಟಿಸುವ ‘ಎಸ್‌ವಿಎನ್:ನೀಡ್ಸ್-ಲಾಕ್’ ಗುರುತು, ಅಂದರೆ ಪ್ರಾಪರ್ಟಿ, ಹಾಗಲ್ಲ. ಅದು ಮಾಡುವುದು ಒಂದೇ ಕೆಲಸ, ಲಾಕ್ ಇಲ್ಲದಾಗ ಫೈಲನ್ನು ವರ್ಕಿಂಗ್ ಕಾಪಿಯಲ್ಲಿ ರೀಡ್-ಓನ್ಲಿ ಮಾಡುವುದು. ಯಾರಾದರೂ ಬರೆಯುವ ಅನುಮತಿ ಹಾಕಿಕೊಂಡು, ಲಾಕ್ ಪಡೆಯದೇ ತಿದ್ದಿ ಕಮಿಟ್ ಮಾಡಿದರೆ, ಆ ಹೊತ್ತಿಗೆ ಬೇರೆ ಯಾರ ಲಾಕೂ ಇಲ್ಲದಿದ್ದರೆ, ಸರ್ವರ್ ತೆಪ್ಪಗೆ ಸ್ವೀಕರಿಸುತ್ತದೆ. ಅಂದರೆ ಹಾಕಿದ ಲಾಕ್ ಕಡ್ಡಾಯ, ಲಾಕ್ ಹಾಕಲೇಬೇಕೆಂಬುದು ಸಲಹೆ. ಹೆಚ್ಚಿನ ತಂಡಗಳಿಗೆ ಏಟು ಬೀಳುವುದು ಈ ಸಂದಿನಲ್ಲೇ.

ಈ ಸಂದು ಮುಚ್ಚಲು ಸರ್ವರ್‌ನಲ್ಲಿ ಪ್ರೀ-ಕಮಿಟ್ ಹುಕ್ ಬೇಕು. ‘ಎಸ್‌ವಿಎನ್‌ಲುಕ್ ಚೇಂಜ್ಡ್ -ಟಿ’ಯಿಂದ ಬದಲಾದ ಫೈಲ್‌ಗಳ ಪಟ್ಟಿ ತೆಗೆಯಿರಿ. ಹೊಸದಾಗಿ ಸೇರಿದವು, ಅಂದರೆ ‘ಎ’ ಗುರುತಿನವು, ಬಿಡಿ. ಇನ್ನೂ ಇಲ್ಲದ ಫೈಲ್‌ಗೆ ಲಾಕ್ ಹಾಕಲು ಬರುವುದಿಲ್ಲ. ಉಳಿದವುಗಳಲ್ಲಿ ನೀಡ್ಸ್-ಲಾಕ್ ಪ್ರಾಪರ್ಟಿ ಇರುವ ಪ್ರತಿಯೊಂದಕ್ಕೂ ‘ಎಸ್‌ವಿಎನ್‌ಲುಕ್ ಲಾಕ್’ ಓಡಿಸಿ, ಉತ್ತರ ಖಾಲಿಯಾಗಿದ್ದರೆ ಕಮಿಟ್ ತಿರಸ್ಕರಿಸಿ.

ಪ್ರಾಪರ್ಟಿಯ ಮೌಲ್ಯ ಏನೇ ಇರಲಿ, ಅದು ಇದೆ ಎಂಬುದಷ್ಟೇ ಲೆಕ್ಕ. ‘ನೋ’ ಎಂದು ಬರೆದರೂ ಫೈಲ್ ರೀಡ್-ಓನ್ಲಿಯೇ. ತೆಗೆಯಬೇಕಾದರೆ ‘ಎಸ್‌ವಿಎನ್ ಪ್ರಾಪ್‌ಡೆಲ್’ ಕೊಟ್ಟು ಪ್ರಾಪರ್ಟಿಯನ್ನೇ ಅಳಿಸಿ.

ಕೊಕ್ಕೆಕಾರ

@ಟೋಕನ್‌ಧಾರಿ, ಪ್ರೀ-ಲಾಕ್ ಹುಕ್ (ಲಾಕ್ ಕೊಡೋ ಮುಂಚೆ ಸರ್ವರ್‌ನಲ್ಲಿ ಓಡೋದು) ಬರೆಯೋರಿಗೂ ಒಂದು ಮಾತು ಹೇಳಿಬಿಡೋಣ. ಐದನೇ ಆರ್ಗ್ಯುಮೆಂಟ್ 1 ಆಗಿದ್ರೆ ಬೇರೆಯವರ ಲಾಕ್ ಕಸಿಯೋ ಪ್ರಯತ್ನ ಅಂತ ಅರ್ಥ. ಅಲ್ಲಿ ಬಳಕೆದಾರರ ಹೆಸರು ನಿರ್ವಾಹಕರ ಪಟ್ಟಿಯಲ್ಲಿ ಇಲ್ಲದಿದ್ರೆ ‘ಎಕ್ಸಿಟ್ 1’. ಆದ್ರೆ ಆ ಹುಕ್‌ನಲ್ಲಿ ಡಿಬಗ್‌ಗೆ ಅಂತ ‘ಎಕೋ’ ಹಾಕ್ಬೇಡಿ. ಪ್ರೀ-ಲಾಕ್ ಹುಕ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಏನು ಬರೆದ್ರೂ ಸಬ್‌ವರ್ಷನ್ ಅದನ್ನೇ ಲಾಕ್ ಟೋಕನ್ ಅಂತ ತಗೊಳ್ಳುತ್ತೆ. ‘ಹುಕ್ ಶುರು’ ಅನ್ನೋದೇ ಎಲ್ಲಾ ಫೈಲ್‌ಗಳ ಟೋಕನ್ ಆಗಿ ಕೂತ್ಕೊಳ್ಳುತ್ತೆ! ಸಂದೇಶ ಏನಿದ್ರೂ ಸ್ಟ್ಯಾಂಡರ್ಡ್ ಎರರ್‌ಗೆ.

ಬಣ್ಣದಪದರ

ಕಮಿಟ್ ಆದ ಮೇಲೆ ಲಾಕ್ ತಾನಾಗೇ ಬಿಡುಗಡೆ ಆಗುತ್ತಾ?

ಟೋಕನ್‌ಧಾರಿ

ಸಬ್‌ವರ್ಷನ್‌ನಲ್ಲಿ ಆಗುತ್ತದೆ, ಅದೂ ತುಸು ಧಾರಾಳವಾಗಿಯೇ. ಒಂದು ಫೋಲ್ಡರ್ ಕಮಿಟ್ ಮಾಡಿದರೆ ಅದರೊಳಗೆ ನೀವು ಹಿಡಿದಿರುವ ಎಲ್ಲ ಲಾಕ್‌ಗಳೂ ಬಿಡುಗಡೆಯಾಗುತ್ತವೆ, ಬದಲಾಗದ ಫೈಲ್‌ಗಳದ್ದೂ ಸೇರಿ. ಹತ್ತು ಫೈಲ್ ಲಾಕ್ ಮಾಡಿ, ಒಂದನ್ನು ಮುಗಿಸಿ, ಮೇಲಿನ ಫೋಲ್ಡರ್‌ನಿಂದ ಕಮಿಟ್ ಕೊಟ್ಟರೆ ಉಳಿದ ಒಂಬತ್ತೂ ಹೋದವು. ‘--ನೋ-ಅನ್‌ಲಾಕ್’ ಕೊಡಿ, ಇಲ್ಲವೇ ಫೈಲ್ ಹೆಸರು ಹೇಳಿಯೇ ಕಮಿಟ್ ಮಾಡಿ.

ಲಾಕ್ ಸ್ಥಿತಿ ನೋಡಲು ‘ಎಸ್‌ವಿಎನ್ ಸ್ಟೇಟಸ್ -ಯು’. ಕೆ ಎಂದರೆ ಲಾಕ್ ಈ ಕಾಪಿಯಲ್ಲೇ ಇದೆ, ಒ ಎಂದರೆ ಬೇರೆಯವರದು ಅಥವಾ ಬೇರೆ ಕಾಪಿಯದು, ಟಿ ಎಂದರೆ ನಿಮ್ಮಿಂದ ಕಸಿದಿದ್ದಾರೆ, ಬಿ ಎಂದರೆ ಮುರಿದಿದ್ದಾರೆ. ಎಲ್ ಅಕ್ಷರ ಕಂಡರೆ ಅದು ಈ ಲಾಕೇ ಅಲ್ಲ. ಅರ್ಧಕ್ಕೆ ನಿಂತ ಕೆಲಸದಿಂದ ವರ್ಕಿಂಗ್ ಕಾಪಿಯೇ ಬಿಗಿದುಕೊಂಡಿದೆ ಎಂದರ್ಥ. ‘ಇ155004’ ದೋಷವೂ ಅದೇ. ಅದಕ್ಕೆ ‘ಎಸ್‌ವಿಎನ್ ಕ್ಲೀನಪ್’ ಸಾಕು. ಈ ಎರಡು ಬಗೆಯ ಲಾಕ್‌ಗಳನ್ನು ಒಂದೇ ಎಂದುಕೊಂಡು ಸಹೋದ್ಯೋಗಿಯ ಲಾಕ್ ಮುರಿಯುವವರು ಬಹಳ.

ಹಳೇಡೆಲ್ಟಾ

ಎಲ್‌ಎಫ್‌ಎಸ್‌ನಲ್ಲಿ ತಾನಾಗಿ ಬಿಡುಗಡೆ ಆಗುವುದಿಲ್ಲ. ‘ಗಿಟ್ ಎಲ್‌ಎಫ್‌ಎಸ್ ಅನ್‌ಲಾಕ್’ ನೀವೇ ಕೊಡಬೇಕು. ಕ್ರಮವನ್ನೂ ಗಮನಿಸಿ: ಲಾಕ್, ಪುಲ್ (ಸರ್ವರ್‌ನಿಂದ ಹೊಸ ಪ್ರತಿ ತರುವುದು), ತಿದ್ದು, ಕಮಿಟ್, ಪುಶ್, ಅನ್‌ಲಾಕ್.

ಲಾಕ್ ಆದ ಮೇಲೆ ಪುಲ್ ಯಾಕೆಂದರೆ, ಎಲ್‌ಎಫ್‌ಎಸ್ ಲಾಕ್ ಹಾಕುವುದು ಫೈಲಿನ ಹಾದಿಗೆ, ಅದರ ಆವೃತ್ತಿಗೆ ಅಲ್ಲ. ನಿಮ್ಮ ಬಳಿ ಇರುವುದು ವಾರದ ಹಿಂದಿನ ಪ್ರತಿಯಾಗಿದ್ದರೂ ಲಾಕ್ ಸಿಗುತ್ತದೆ. ಸಬ್‌ವರ್ಷನ್ ಇಲ್ಲಿ ಜಾಣ. ಸರ್ವರ್‌ನಲ್ಲಿ ಹೊಸ ಆವೃತ್ತಿ ಇದ್ದರೆ ‘ಮೊದಲು ಅಪ್‌ಡೇಟ್ ಮಾಡು’ ಎಂದು ಲಾಕನ್ನೇ ನಿರಾಕರಿಸುತ್ತದೆ.

ಅನ್‌ಲಾಕ್ ಕೊನೆಗೆ ಯಾಕೆಂದರೆ, ಪುಶ್‌ಗೆ ಮುಂಚೆ ಬಿಟ್ಟುಕೊಟ್ಟರೆ ಇನ್ನೊಬ್ಬರು ಲಾಕ್ ಪಡೆದು ಹಳೆಯ ಪ್ರತಿಯ ಮೇಲೇ ಕೆಲಸ ಶುರು ಮಾಡುತ್ತಾರೆ. ಲಾಕ್ ಇತ್ತು, ಇಬ್ಬರೂ ನಿಯಮ ಪಾಲಿಸಿದರು, ಆದರೂ ಸಂಘರ್ಷ.

ಡಿಪೋಪಾಲ

ಪರ್ಫೋರ್ಸ್ ಕಡೆಯಿಂದ. ಇಲ್ಲಿ ಲಾಕ್ ಎರಡು ತೆರ. ‘ಪಿ4 ಲಾಕ್’ (ಪಿ4 ಎಂದರೆ ಪರ್ಫೋರ್ಸ್‌ನ ಆದೇಶ) ಹಾಕಿದರೆ ಬೇರೆಯವರು ಫೈಲ್ ತೆರೆದು ತಿದ್ದಬಹುದು, ಸಬ್ಮಿಟ್ (ಸರ್ವರ್‌ಗೆ ಸೇರಿಸುವುದು) ಮಾತ್ರ ಆಗದು. ಕಲಾಕೃತಿಯ ಫೈಲ್‌ಗಳಿಗೆ ಇದು ಉಪಯೋಗಕ್ಕೆ ಬಾರದ ಲಾಕ್. ಎರಡು ದಿನ ಕೆಲಸ ಮಾಡಿದ ಮೇಲೆ ‘ಆಗದು’ ಎಂದು ತಿಳಿದು ಏನು ಪ್ರಯೋಜನ? ಬೇಕಾದದ್ದು ಫೈಲ್ ಟೈಪ್‌ನಲ್ಲಿನ ‘+ಎಲ್’ ಗುರುತು. ಅದಿದ್ದರೆ ಒಬ್ಬರು ‘ಪಿ4 ಎಡಿಟ್’ ಮಾಡಿದ ಕ್ಷಣದಿಂದ ಎರಡನೆಯವರಿಗೆ ತೆರೆಯಲೂ ಸರ್ವರ್ ಬಿಡದು.

‘ಪಿ4 ಟೈಪ್‌ಮ್ಯಾಪ್’ನಲ್ಲಿ ‘ಬೈನರಿ+ಎಲ್’ ಮುಂದೆ ವಿಸ್ತರಣೆಯ ಮಾದರಿ ಬರೆಯಿರಿ. ಎಲ್ಲರೂ ಎಡವುವ ಜಾಗ: ಟೈಪ್‌ಮ್ಯಾಪ್ ಮುಂದೆ ಸೇರಿಸುವ ಫೈಲ್‌ಗಳಿಗೆ ಮಾತ್ರ. ಆಗಲೇ ಡಿಪೋದಲ್ಲಿರುವವಕ್ಕೆ (ಸರ್ವರ್‌ನ ಭಂಡಾರದಲ್ಲಿರುವವಕ್ಕೆ) ‘ಪಿ4 ಎಡಿಟ್ -ಟಿ ಬೈನರಿ+ಎಲ್’ ಕೊಟ್ಟು ಸಬ್ಮಿಟ್ ಮಾಡಬೇಕು. ಯಾರ ಬಳಿ ತೆರೆದಿದೆ ಎಂದು ನೋಡಲು ‘ಪಿ4 ಓಪನ್ಡ್ -ಎ’. ರಜೆ ಮೇಲಿರುವವರ ಫೈಲ್ ಬಿಡಿಸಲು ನಿರ್ವಾಹಕರು ‘ಪಿ4 ರಿವರ್ಟ್ -ಸಿ’ (ದೊಡ್ಡಕ್ಷರದ ಸಿ) ಜೊತೆ ಅವರ ವರ್ಕ್‌ಸ್ಪೇಸ್ ಹೆಸರು ಕೊಡಬೇಕು. ಅವರ ಡಿಸ್ಕ್‌ನಲ್ಲಿರುವ ಪ್ರತಿ ಮುಟ್ಟದೆ ಹಾಗೇ ಉಳಿಯುತ್ತದೆ.

ಹಳೆಯ ವ್ಯವಸ್ಥೆ ಸಿವಿಎಸ್ ಕಂಡವರಿಗೆ ‘ವಾಚ್ ಆನ್’, ‘ಸಿವಿಎಸ್ ಎಡಿಟ್’, ‘ಸಿವಿಎಸ್ ಎಡಿಟರ್ಸ್’ ನೆನಪಿರಬೇಕು. ಅದು ಪೂರ್ತಿ ಸಲಹೆ. ಅದಕ್ಕೂ ಹಿಂದಿನ ಆರ್‌ಸಿಎಸ್ ಮೂಲತಃ ಬಿಗಿ, ‘ಸಿಒ -ಎಲ್’ (ಲಾಕ್ ಸಮೇತ ಚೆಕ್‌ಔಟ್) ಇಲ್ಲದೆ ‘ಸಿಐ’ (ಚೆಕ್‌ಇನ್) ಆಗುತ್ತಿರಲಿಲ್ಲ. ಬಿಗಿ, ಸಡಿಲ, ಮತ್ತೆ ಬಿಗಿ, ಹೀಗೇ ಸುತ್ತುತ್ತಿದ್ದೇವೆ.

ಸಡಿಲಗಂಟು

ಎಲ್ಲರೂ ಬಿಗಿ ಬಿಗಿ ಅಂತಿದ್ದೀರಿ, ನಾನು ಎದುರು ವಾದ ಇಡ್ತೀನಿ. ಲಿನಕ್ಸ್ ಕರ್ನೆಲ್‌ನಲ್ಲೇ ಕಡ್ಡಾಯ ಫೈಲ್ ಲಾಕ್ ಇತ್ತು, 5.15ರಲ್ಲಿ ಕಿತ್ತೇ ಹಾಕಿದ್ರು. ಉಳಿದಿರೋದು ‘ಎಫ್‌ಲಾಕ್’, ‘ಎಫ್‌ಸಿಎನ್‌ಟಿಎಲ್’ ಥರದ ಸಲಹಾ ಲಾಕ್‌ಗಳು. ಪ್ರಪಂಚ ನಡೀತಾ ಇಲ್ವಾ? ಕಡ್ಡಾಯ ಮಾಡಿದ ತಕ್ಷಣ ಜನ ‘ಇರಲಿ’ ಅಂತ ಇಡೀ ಫೋಲ್ಡರ್ ಲಾಕ್ ಮಾಡ್ತಾರೆ, ಮರೀತಾರೆ. ಆಮೇಲೆ ನಿರ್ವಾಹಕರ ಕೆಲಸ ಅಂದ್ರೆ ದಿನಾ ಲಾಕ್ ಮುರಿಯೋದು.

ಹಳೇಡೆಲ್ಟಾ

ಲಿನಕ್ಸ್ ಉದಾಹರಣೆ ಇಲ್ಲಿಗೆ ಒಗ್ಗುವುದಿಲ್ಲ. ಸಲಹಾ ಲಾಕ್ ನಡೆಯುವುದು ಭಾಗವಹಿಸುವ ಎಲ್ಲ ಪ್ರೋಗ್ರಾಂಗಳೂ ಅದನ್ನು ಕೇಳಿಯೇ ಮುಂದುವರಿಯುವಂತೆ ಬರೆದಿದ್ದಾಗ. ಒಂದು ಡೇಟಾಬೇಸ್‌ನ ಪ್ರಕ್ರಿಯೆಗಳು ಹಾಗೆ ನಡೆದುಕೊಳ್ಳುತ್ತವೆ. ಫೋಟೋಶಾಪ್‌ಗೆ ಎಲ್‌ಎಫ್‌ಎಸ್ ಲಾಕ್ ಎಂಬುದೊಂದಿದೆ ಎಂಬುದೇ ಗೊತ್ತಿಲ್ಲ. ಕೇಳದವರ ಮುಂದೆ ಸಲಹೆ ಏನು ಮಾಡೀತು?

ಲಾಕ್ ಮರೆಯುವುದರ ಬಗ್ಗೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ‘ಎಸ್‌ವಿಎನ್ ಲಾಕ್’ನಿಂದ ಹಾಕಿದ ಲಾಕ್‌ಗೂ ಎಲ್‌ಎಫ್‌ಎಸ್ ಲಾಕ್‌ಗೂ ಅವಧಿ ಮುಗಿಯುವುದು ಅಂತಿಲ್ಲ. ‘ಗಿಟ್ ಎಲ್‌ಎಫ್‌ಎಸ್ ಲಾಕ್ಸ್ --ಜೇಸನ್’ ಉತ್ತರದಲ್ಲಿ ಪ್ರತಿ ಲಾಕಿನ ‘ಲಾಕ್ಡ್_ಅಟ್’ ಸಮಯ ಇರುತ್ತದೆ. ಮೂರು ದಿನ ದಾಟಿದವನ್ನು ಆರಿಸಿ ಮಾಲೀಕರಿಗೆ ಸಂದೇಶ ಕಳಿಸುವ ಒಂದು ದಿನನಿತ್ಯದ ಸ್ಕ್ರಿಪ್ಟ್ ಸಾಕು. ತಾನಾಗಿ ಮುರಿಯುವ ಸ್ಕ್ರಿಪ್ಟ್ ಬೇಡ. ಪುಶ್ ಆಗದ ಕೆಲಸ ಅವರ ಬಳಿ ಇದೆಯೋ ಇಲ್ಲವೋ ಸರ್ವರ್‌ಗೆ ತಿಳಿಯದು.

ಅನುಮತಿಬಿಟ್

ರೀಡ್-ಓನ್ಲಿ ಬಿಟ್ ಮೇಲೆ ಬಹಳ ಭರವಸೆ ಇಡಬೇಡಿ. ಅನೇಕ ಅಪ್ಲಿಕೇಶನ್‌ಗಳು ಉಳಿಸುವಾಗ ಇದ್ದ ಫೈಲ್‌ಗೆ ಬರೆಯುವುದಿಲ್ಲ; ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಬರೆದು, ಹಳೆಯ ಹೆಸರಿಗೆ ರೀನೇಮ್ ಮಾಡುತ್ತವೆ. ಲಿನಕ್ಸ್, ಮ್ಯಾಕ್‌ನಲ್ಲಿ ರೀನೇಮ್‌ಗೆ ಬೇಕಾದದ್ದು ಫೋಲ್ಡರ್ ಮೇಲಿನ ಬರೆಯುವ ಅನುಮತಿ, ಫೈಲ್ ಮೇಲಿನದ್ದಲ್ಲ. ಹಾಗಾಗಿ ರೀಡ್-ಓನ್ಲಿ ಫೈಲ್ ಸದ್ದಿಲ್ಲದೆ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ‘ಆಕ್ಸೆಸ್ ಡಿನೈಡ್’ ಬರುತ್ತದೆ, ಅಂದರೆ ಒಂದೇ ನಿಯಮ ಎರಡು ಯಂತ್ರಗಳಲ್ಲಿ ಎರಡು ಬಗೆ. ಕಂಟೇನರ್ ಒಳಗೆ ರೂಟ್ ಆಗಿ ಓಡುವ ಸ್ಕ್ರಿಪ್ಟ್‌ಗೆ ಈ ಬಿಟ್ ಲೆಕ್ಕಕ್ಕೇ ಇಲ್ಲ.

ಗಿಟ್ ಕೂಡ ಬರೆಯುವ ಅನುಮತಿಯನ್ನು ದಾಖಲಿಸುವುದಿಲ್ಲ, ಕಾರ್ಯಗತಗೊಳಿಸುವ ಬಿಟ್ ಒಂದನ್ನೇ ನೋಡುತ್ತದೆ. ಮರ್ಜ್, ಚೆಕ್‌ಔಟ್ ಆದಾಗಲೆಲ್ಲ ಫೈಲ್ ಹೊಸದಾಗಿ ಹುಟ್ಟಿ ಬರೆಯಬಹುದಾದ ಸ್ಥಿತಿಗೆ ಬರುತ್ತದೆ. ಅದನ್ನು ಮತ್ತೆ ರೀಡ್-ಓನ್ಲಿ ಮಾಡಲೆಂದೇ ಪೋಸ್ಟ್-ಚೆಕ್‌ಔಟ್, ಪೋಸ್ಟ್-ಮರ್ಜ್ ಹುಕ್‌ಗಳು.

ಬಿಲ್ಡ್ ಯಂತ್ರಗಳಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಲಾಕಬಲ್ ಫೈಲನ್ನು ತಿದ್ದುವ ಬಿಲ್ಡ್ ಹಂತವಿದ್ದರೆ ‘ಪರ್ಮಿಷನ್ ಡಿನೈಡ್’. ಅಲ್ಲಿ ‘ಎಲ್‌ಎಫ್‌ಎಸ್.ಸೆಟ್‌ಲಾಕಬಲ್‌ರೀಡ್‌ಓನ್ಲಿ’ ಅನ್ನು ‘ಫಾಲ್ಸ್’ ಮಾಡಿ. ಇದನ್ನು ‘.ಎಲ್‌ಎಫ್‌ಎಸ್‌ಕಾನ್ಫಿಗ್’ನಲ್ಲಿ ಇಡಬೇಡಿ, ಆ ಯಂತ್ರದ ಗಿಟ್ ಕಾನ್ಫಿಗ್‌ನಲ್ಲೇ ಇಡಿ.

ಬಣ್ಣದಪದರ

ಸರಿ, ಸರ್ವರ್ ನಮ್ಮದೇ. ಪ್ರೀ-ರಿಸೀವ್ ಹುಕ್ (ಪುಶ್ ಸ್ವೀಕರಿಸೋ ಮುಂಚೆ ಸರ್ವರ್‌ನಲ್ಲಿ ಓಡೋದು) ಬರೆದರೆ ಮುಗೀತಾ? ಹಳೇ, ಹೊಸ ಕಮಿಟ್ ನಡುವಿನ ‘ಗಿಟ್ ಡಿಫ್ --ನೇಮ್-ಓನ್ಲಿ’ (ಬದಲಾದ ಫೈಲ್‌ಗಳ ಹೆಸರು) ತೆಗೆದು ಲಾಕ್ ಪಟ್ಟಿಗೆ ಹೋಲಿಸೋದು ಅಂತ ಯೋಚನೆ.

ಕೊಕ್ಕೆಕಾರ

ಆ ಒಂದು ಸಾಲಲ್ಲೇ ನಾಲ್ಕು ಗುಂಡಿ ಇದೆ.

ಮೊದಲ್ನೇದು, ಹೊಸ ಬ್ರಾಂಚ್ ಪುಶ್ ಆದ್ರೆ ‘ಹಳೇ ಕಮಿಟ್’ ಜಾಗದಲ್ಲಿ ಬರೀ ಸೊನ್ನೆಗಳು ಬರುತ್ತೆ, ಡಿಫ್ ದೋಷ ಕೊಡುತ್ತೆ. ಬ್ರಾಂಚ್ ಅಳಿಸಿದಾಗ ಹೊಸ ಕಮಿಟ್ ಸೊನ್ನೆ.

ಎರಡ್ನೇದು ಇದಕ್ಕಿಂತ ಕಿರಿಕಿರಿ. ಯಾರೋ ತಮ್ಮ ಫೀಚರ್ ಬ್ರಾಂಚ್‌ಗೆ ಮೇನ್ (ಮುಖ್ಯ ಬ್ರಾಂಚ್) ಮರ್ಜ್ ಮಾಡ್ಕೊಂಡು ಪುಶ್ ಮಾಡ್ತಾರೆ ಅನ್ನಿ. ಮೇನ್‌ನಲ್ಲಿ ಲಾಕ್ ಮಾಲೀಕರೇ ಫೈಲ್ ಬದಲಿಸಿ ಪುಶ್ ಮಾಡಿದ್ದು, ಲಾಕ್ ಇನ್ನೂ ಹಿಡಿದಿದ್ದಾರೆ. ಹಳೇ-ಹೊಸ ಡಿಫ್‌ನಲ್ಲಿ ಆ ಫೈಲ್ ಕಾಣುತ್ತೆ, ಏನೂ ತಪ್ಪು ಮಾಡದವರ ಪುಶ್ ನಿಲ್ಲುತ್ತೆ. ಅದಕ್ಕೇ ಡಿಫ್ ಬೇಡ. ‘ಗಿಟ್ ರೆವ್-ಲಿಸ್ಟ್ ಹೊಸದು --ನಾಟ್ --ಆಲ್’ ಅಂತ ಕೊಡಿ. ಪ್ರೀ-ರಿಸೀವ್ ಹಂತದಲ್ಲಿ ರೆಫ್‌ಗಳು (ಬ್ರಾಂಚ್ ಯಾವ ಕಮಿಟ್‌ನಲ್ಲಿದೆ ಅನ್ನೋ ಗುರುತು) ಇನ್ನೂ ಬದಲಾಗಿರಲ್ಲ, ಹಾಗಾಗಿ ಸರ್ವರ್‌ಗೆ ನಿಜವಾಗಿ ಹೊಸದಾದ ಕಮಿಟ್‌ಗಳಷ್ಟೇ ಸಿಗುತ್ತೆ. ಹೊಸ ಬ್ರಾಂಚ್‌ನ ಸೊನ್ನೆ ಸಮಸ್ಯೆಯೂ ಇದ್ರಲ್ಲೇ ಹೋಯ್ತು. ಪ್ರತಿ ಕಮಿಟ್‌ಗೆ ‘ಗಿಟ್ ಡಿಫ್-ಟ್ರೀ -ಆರ್ -ಸಿ --ರೂಟ್ --ನೋ-ಕಮಿಟ್-ಐಡಿ --ನೇಮ್-ಓನ್ಲಿ’. ಆ ಸಣ್ಣಕ್ಷರದ ‘-ಸಿ’ ಬಿಟ್ರೆ ಮರ್ಜ್ ಕಮಿಟ್‌ಗೆ ಏನೂ ತೋರಿಸಲ್ಲ. ಹಾಕಿದ್ರೆ ಎರಡೂ ಪೋಷಕ ಕಮಿಟ್‌ಗಳಿಗಿಂತ ಬೇರೆಯಾದ ಫೈಲ್ ಮಾತ್ರ ಬರುತ್ತೆ, ಅಂದ್ರೆ ಮರ್ಜ್ ನೆಪದಲ್ಲಿ ಕೈಯಾಡಿಸಿದ್ದು.

ಮೂರನೇದು ರೀನೇಮ್. ‘ಗಿಟ್ ಡಿಫ್’ ರೀನೇಮ್ ಪತ್ತೆ ಮಾಡಿ ಹೊಸ ಹೆಸರನ್ನಷ್ಟೇ ಕೊಡುತ್ತೆ. ಲಾಕ್ ಇರೋದು ಹಳೇ ಹೆಸರಿಗೆ, ಸಿಕ್ಕಿಹಾಕಿಕೊಳ್ಳಲ್ಲ. ಡಿಫ್-ಟ್ರೀ ಹೇಳದೇ ಹೋದ್ರೆ ರೀನೇಮ್ ಹುಡುಕಲ್ಲ, ಆದ್ರೂ ‘--ನೋ-ರೀನೇಮ್ಸ್’ ಬರೆದಿಡಿ.

ನಾಲ್ಕನೇದು ಹೆಸರಿನ ಅಕ್ಷರ. ಫೈಲ್ ಹೆಸರು ಕನ್ನಡದಲ್ಲಿದ್ರೆ ಗಿಟ್ ಅದನ್ನ ಉದ್ಧರಣ ಚಿಹ್ನೆಯೊಳಗೆ ಆಕ್ಟಲ್ ಸಂಖ್ಯೆಗಳಾಗಿ ಮುದ್ರಿಸುತ್ತೆ. ಲಾಕ್ ಪಟ್ಟಿಯ ಹೆಸರಿಗೆ ಹೊಂದಲ್ಲ, ಹುಕ್ ‘ಲಾಕ್ ಇಲ್ಲ’ ಅಂತ ದಾಟಿಸಿಬಿಡುತ್ತೆ. ‘-ಜೆಡ್’ ಆಯ್ಕೆ ಹಾಕಿ ನಲ್ ಬೈಟ್‌ನಿಂದ ಬಿಡಿಸ್ಕೊಳ್ಳಿ.

ಲಾಕ್ ಪಟ್ಟಿ ತರುವಾಗ ‘ನೆಕ್ಸ್ಟ್_ಕರ್ಸರ್’ ಬಂದಿದೆಯಾ ನೋಡಿ. ಬಂದ್ರೆ ಇನ್ನೂ ಪುಟ ಇದೆ ಅಂತ. ಮೊದಲ ಪುಟಕ್ಕೇ ನಿಲ್ಲಿಸಿದ ಹುಕ್ ಲಾಕ್ ಕಡಿಮೆ ಇರೋವರೆಗೂ ಚೆನ್ನಾಗೇ ನಡೆಯುತ್ತೆ. ಹುಕ್ ಹತ್ರ ಪುಶ್ ಮಾಡಿದವರ ಪಾಸ್‌ವರ್ಡ್ ಇರಲ್ಲ, ಹಾಗಾಗಿ ‘ವೆರಿಫೈ’ ಕರೆಯಿಂದ ‘ನಿಮ್ಮದು, ಅವರದು’ ಅಂತ ಬಿಡಿಸಿಕೊಳ್ಳೋಕಾಗಲ್ಲ. ಲಾಕಿನ ‘ಓನರ್.ನೇಮ್’ಗೂ ಪುಶ್ ಮಾಡಿದವರ ಲಾಗಿನ್‌ಗೂ ಹೋಲಿಸ್ಬೇಕು. ನಿಮ್ಮ ಸರ್ವರ್ ಅಲ್ಲಿ ಲಾಗಿನ್ ಕೊಡುತ್ತಾ, ಪೂರ್ತಿ ಹೆಸರು ಕೊಡುತ್ತಾ ಅನ್ನೋದನ್ನ ಮೊದಲು ನೋಡ್ಕೊಳ್ಳಿ.

ಕೊನೇದಾಗಿ, ಲಾಕ್ ಸೇವೆಯೇ ಸಿಗದಿದ್ರೆ ಏನು ಅಂತ ಈಗಲೇ ತೀರ್ಮಾನ ಮಾಡಿ. ಪುಶ್ ಬಿಟ್ರೆ ಅದು ಮತ್ತೆ ಸಲಹಾ ಲಾಕ್. ನಿಲ್ಲಿಸಿದ್ರೆ ಕೋಡ್ ಬರೆಯೋರೂ ನಿಲ್ತಾರೆ. ಲಾಕಬಲ್ ವಿಸ್ತರಣೆ ಮುಟ್ಟಿದ ಪುಶ್‌ಗಳನ್ನ ಮಾತ್ರ ನಿಲ್ಲಿಸೋದು ಸರಿ ಅನ್ಸುತ್ತೆ.

ಡಿಪೋಪಾಲ

ಹುಕ್ ಎಷ್ಟೇ ಬಿಗಿಯಾಗಿರಲಿ, ಬ್ರಾಂಚ್ ಸಮಸ್ಯೆಯನ್ನು ಅದು ಬಿಡಿಸುವುದಿಲ್ಲ. ಒಬ್ಬರು ಮೇನ್‌ನಲ್ಲಿ ಲಾಕ್ ಹಾಕಿ, ತಿದ್ದಿ, ಪುಶ್ ಮಾಡಿ, ಬಿಟ್ಟರು. ಇನ್ನೊಬ್ಬರು ಅದಕ್ಕೂ ಮುಂಚೆ ಕವಲೊಡೆದ ಬ್ರಾಂಚ್‌ನಲ್ಲಿ ಈಗ ಲಾಕ್ ಪಡೆಯುತ್ತಾರೆ. ಸಿಗುತ್ತದೆ, ಯಾಕೆಂದರೆ ಲಾಕ್ ಖಾಲಿ ಇದೆ. ಪುಶ್ ಕೂಡ ಹೋಗುತ್ತದೆ. ಮರ್ಜ್ ದಿನ ಎರಡು ಪಿಎಸ್‌ಡಿ ಎದುರುಬದುರು. ಒಂದೇ ಸಮಯದಲ್ಲಿ ಇಬ್ಬರು ತಿದ್ದುವುದನ್ನು ಲಾಕ್ ತಡೆಯುತ್ತದೆ. ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ಪ್ರತಿಯ ಮೇಲೆ ತಿದ್ದುವುದನ್ನು ತಡೆಯುವುದಿಲ್ಲ.

ಪರ್ಫೋರ್ಸ್, ಸಬ್‌ವರ್ಷನ್‌ನಲ್ಲಿ ಇನ್ನೊಂದು ಬಗೆ. ಅಲ್ಲಿ ಬ್ರಾಂಚ್ ಎಂದರೆ ಬೇರೆ ಹಾದಿ, ಟ್ರಂಕ್‌ನ (ಅಲ್ಲಿನ ಮುಖ್ಯ ಬ್ರಾಂಚ್) ಫೈಲ್‌ಗೆ ಹಾಕಿದ ಲಾಕ್ ಬ್ರಾಂಚ್‌ನ ಅದೇ ಫೈಲನ್ನು ಮುಟ್ಟುವುದೇ ಇಲ್ಲ. ಗೇಮ್ ಎಂಜಿನ್ ಯೂನಿಟಿಯವರ ಯೂನಿಟಿ ವರ್ಷನ್ ಕಂಟ್ರೋಲ್‌ನ ಸ್ಮಾರ್ಟ್ ಲಾಕ್ಸ್ ಇದಕ್ಕೇ ಮಾಡಿದ ಏರ್ಪಾಡು: ಬೇರೆ ಬ್ರಾಂಚ್‌ನಲ್ಲಿ ಚೆಕ್‌ಇನ್ ಆದರೂ, ಬದಲಾವಣೆ ಗೊತ್ತುಪಡಿಸಿದ ಮುಖ್ಯ ಬ್ರಾಂಚ್‌ಗೆ ಮರ್ಜ್ ಆಗುವವರೆಗೆ ಲಾಕ್ ಹಾಗೇ ಉಳಿಯುತ್ತದೆ.

ಗಿಟ್‌ನಲ್ಲಿ ಇದರ ಹತ್ತಿರ ಹೋಗಲು ಎರಡು ದಾರಿ. ಬೈನರಿಗಳನ್ನು ಮೇನ್‌ನಲ್ಲಿ ಮಾತ್ರ ಬದಲಿಸಬೇಕೆಂದು ಹುಕ್‌ನಲ್ಲೇ ಬರೆಯುವುದು. ಇಲ್ಲವೇ ಲಾಕಬಲ್ ಫೈಲ್ ಬದಲಿಸುವ ಹೊಸ ಕಮಿಟ್‌ನ ಪೋಷಕ ಕಮಿಟ್‌ನಲ್ಲಿರುವ ಆ ಫೈಲಿನ ಬ್ಲಾಬ್ (ಗಿಟ್ ಉಳಿಸಿಟ್ಟ ಫೈಲ್ ವಿಷಯ) ಗುರುತು, ಮೇನ್‌ನ ತುದಿಯಲ್ಲಿರುವ ಬ್ಲಾಬ್‌ಗೆ ಸಮವಿದೆಯೇ ಎಂದು ‘ಗಿಟ್ ರೆವ್-ಪಾರ್ಸ್’ನಿಂದ ಹೋಲಿಸುವುದು. ಸಮವಿಲ್ಲದಿದ್ದರೆ ಹಳೆಯ ಪ್ರತಿಯ ಮೇಲೆ ಕೆಲಸ ನಡೆದಿದೆ ಎಂದರ್ಥ, ತಿರಸ್ಕರಿಸಿ. ಒಂದೇ ಬ್ರಾಂಚ್‌ನಲ್ಲಿ ಆ ಫೈಲ್‌ಗೆ ಸಾಲಾಗಿ ಎರಡು ಕಮಿಟ್ ಇದ್ದರೆ ಮೊದಲನೆಯದಕ್ಕೆ ಮಾತ್ರ ಈ ಪರೀಕ್ಷೆ.

ಸಡಿಲಗಂಟು

ಆ ಬ್ಲಾಬ್ ಹೋಲಿಕೆ ಲಾಕ್ ಇಲ್ಲದೇ ಇದ್ರೂ ಕೆಲಸ ಮಾಡುತ್ತಲ್ಲ! ಆಮೇಲೆ ಲಾಕ್ ಯಾಕೆ?

ಡಿಪೋಪಾಲ

ಅದು ಪುಶ್ ಸಮಯದಲ್ಲಿ ತಿಳಿಸುತ್ತದೆ, ಲಾಕ್ ಕೆಲಸ ಶುರು ಮಾಡುವ ಮುಂಚೆ ತಿಳಿಸುತ್ತದೆ. ಕಲಾವಿದರಿಗೆ ಬೇಕಾದದ್ದು ಎರಡನೆಯದು. ಫೈಲ್ ಕೆಡದಂತೆ ಕಾಯುವುದು ಹೋಲಿಕೆ, ಸಮಯ ವ್ಯರ್ಥವಾಗದಂತೆ ಕಾಯುವುದು ಲಾಕ್.

ಅನುಮತಿಬಿಟ್

ಲಾಕಬಲ್ ಪಟ್ಟಿ ಚಿಕ್ಕದಾಗಿಡಿ ಎಂಬುದನ್ನು ಯಾರೂ ಹೇಳಲಿಲ್ಲ. ಮರ್ಜ್ ಮಾಡಲು ಬಾರದ ಫೈಲ್‌ಗಳಷ್ಟೇ ಸಾಕು. ಯೂನಿಟಿಯ ಸೀನ್ ಫೈಲ್ ಯಾಮಲ್ ಪಠ್ಯ, ಅದಕ್ಕೆ ಯೂನಿಟಿ ಯಾಮಲ್ ಮರ್ಜ್ ಸಲಕರಣೆ ಇದೆ. ಮೊದಲು ಅದನ್ನು ನೋಡಿ. ಇನ್ನೊಂದು ಗೇಮ್ ಎಂಜಿನ್ ಅನ್‌ರಿಯಲ್ 5ರಲ್ಲಿ ಪ್ರತಿ ಆಕ್ಟರ್‌ಗೆ (ಮ್ಯಾಪ್‌ನಲ್ಲಿಟ್ಟ ವಸ್ತುವಿಗೆ) ಒಂದು ಫೈಲ್ ಎಂಬ ವ್ಯವಸ್ಥೆ ಹಾಕಿದರೆ ಇಡೀ ಮ್ಯಾಪ್‌ಗೆ ಲಾಕ್ ಹಿಡಿಯುವ ಅಗತ್ಯ ಬಹುಪಾಲು ಹೋಗುತ್ತದೆ. ಹತ್ತು ಜನ ತೆರೆಯುವ ಎಕ್ಸೆಲ್ ಪಟ್ಟಿ ಕೋಷ್ಟಕದ ದತ್ತಾಂಶ ಮಾತ್ರವಾಗಿದ್ದರೆ ಸಿಎಸ್‌ವಿಗೆ ತಿರುಗಿಸಿ, ಲಾಕಬಲ್ ಪಟ್ಟಿಯಿಂದ ತೆಗೆಯಿರಿ.

ಬಣ್ಣದಪದರ

ಎಕ್ಸೆಲ್ ನಮ್ಮಲ್ಲಿ ದತ್ತಾಂಶವೇ, ಅದನ್ನ ಸಿಎಸ್‌ವಿ ಮಾಡ್ತೀವಿ. ಪಿಎಸ್‌ಡಿ, ಎಫ್‌ಬಿಎಕ್ಸ್‌ಗೆ ‘.ಎಲ್‌ಎಫ್‌ಎಸ್‌ಕಾನ್ಫಿಗ್’ ಜೊತೆ ಹುಕ್, ಬ್ಲಾಬ್ ಹೋಲಿಕೆ ಎರಡೂ ಹಾಕೋದು ಅಂತ. ಒಂದೇ ಉಳಿದ ಪ್ರಶ್ನೆ: ‘ಅನ್‌ಲಾಕ್ --ಫೋರ್ಸ್’ ಎಲ್ಲರಿಗೂ ತೆರೆದಿರಬೇಕಾ?

ಹಳೇಡೆಲ್ಟಾ

ಯಾರಿಗೆ ಆ ಅಧಿಕಾರ ಎಂಬುದು ಸರ್ವರ್‌ನ ತೀರ್ಮಾನ, ನಿಮ್ಮ ಸರ್ವರ್‌ನ ಅನುಮತಿ ಮಟ್ಟಗಳಲ್ಲಿ ನೋಡಿ. ಪ್ರತಿ ವಿಭಾಗಕ್ಕೆ ಇಬ್ಬರಿಗೆ ಕೊಡಿ, ಒಬ್ಬರಿಗೆ ಮಾತ್ರ ಕೊಟ್ಟರೆ ಅವರೇ ರಜೆ ಹಾಕಿದ ದಿನ ಸಿಕ್ಕಿಬೀಳುತ್ತೀರಿ. ಇನ್ನೊಂದು, ತಮ್ಮದೇ ಲಾಕ್ ಬಿಡಲು ಕೂಡ ಕೆಲವರು ‘--ಫೋರ್ಸ್’ ಬಳಸುತ್ತಾರೆ. ಕಮಿಟ್ ಆಗದ ಬದಲಾವಣೆ ಇದ್ದರೆ ಎಲ್‌ಎಫ್‌ಎಸ್ ಅನ್‌ಲಾಕ್ ನಿರಾಕರಿಸುತ್ತದೆ, ಅದನ್ನು ದಾಟಲು. ಆ ನಿರಾಕರಣೆ ಕಂಡರೆ ಮೊದಲು ‘ಗಿಟ್ ಸ್ಟೇಟಸ್’ ನೋಡಲು ಹೇಳಿ.